ವಿಜಾಪುರದ ಚಿತ್ರಗಳಲ್ಲಿ ಕಪ್ಪು ಮುಖಗಳು

ಒಂದು ಆನೆ, ಅದರ ಮೇಲೆ ಇಬ್ಬರು ಗಂಡಸರು. ಮುಂದೆ ಕುಳಿತವನು ವಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ. ಗೋಳಗುಮ್ಮಟದ ಕೆಳಗೆ ಚಿರನಿದ್ರೆಯಲ್ಲಿರುವಾತ ಇವನೇ. ಅವನ ಬೆನ್ನ ಹಿಂದೆ, ಅದೇ ಆನೆಯ ಮೇಲೆ, ದಟ್ಟ ಕಂದು ಮೈಬಣ್ಣದ ಇನ್ನೊಬ್ಬ ವ್ಯಕ್ತಿ ಕುಳಿತಿದ್ದಾನೆ. ಸುಮಾರು 1645ರಲ್ಲಿ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಇಬ್ಬರು ಕಲಾವಿದರು ಕೂಡಿ ಬರೆದ ಚಿತ್ರವಿದು. ಬಹುಕಾಲ ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರ ಹಾವರ್ಡ್ ಹಾಡ್ಜ್‌ಕಿನ್ ಅವರ ಸಂಗ್ರಹದಲ್ಲಿತ್ತು.

ಹಿಂದೆ ಕುಳಿತವನ ಹೆಸರು ಇಖ್ಲಾಸ್ ಖಾನ್. ಆತ ಆಫ್ರಿಕ ಮೂಲದವನು. ಈ ಚಿತ್ರದ ಅಚ್ಚುಪ್ರತಿಯನ್ನು ತರಗತಿಯಲ್ಲಿ ತೋರಿಸಿದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಸರ್, ಹಿಂದೆ ಕುಂತವ ಮಾವುತನೋ, ಸೇವಕನೋ?" ಎರಡೂ ಅಲ್ಲ. ಆತ ರಾಜ್ಯದ ಪ್ರಮುಖ ಮಂತ್ರಿ ಮತ್ತು ಸೇನಾನಿ. ಸುಲ್ತಾನನ ಆನೆಯ ಮೇಲೆ, ಸುಲ್ತಾನನ ಜೊತೆ ಕುಳಿತು ಚಿತ್ರ ಬರೆಸಿಕೊಳ್ಳುವ ಅಧಿಕಾರ ಆ ಕಾಲದಲ್ಲಿ ಎಷ್ಟು ಜನಕ್ಕಿತ್ತು ಎಂದು ಯೋಚಿಸಿದರೆ ಆತನ ಸ್ಥಾನಮಾನ ತಿಳಿಯುತ್ತದೆ.

ಆದರೆ ಮಕ್ಕಳ ಆ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿಲ್ಲ. ಕಪ್ಪು ಮೈಬಣ್ಣದವನೆಂದರೆ ಸೇವಕನೇ ಇರಬೇಕೆಂಬ ಊಹೆ ಅವರಿಗೆ ಎಲ್ಲಿಂದ ಬಂತು? ಅವರು ಇದುವರೆಗೆ ನೋಡಿದ ಚಿತ್ರಗಳಿಂದ ಬಂತು. ಸಿನಿಮಾ, ಜಾಹೀರಾತು, ಪುಸ್ತಕ, ಪೋಸ್ಟರು ಎಲ್ಲವೂ ಸೇರಿ ನಮ್ಮ ಕಣ್ಣಿಗೆ ಒಂದು ಅಭ್ಯಾಸ ಮಾಡಿಸಿವೆ. ಅದು ಹೇಗೆ ಬೆಳೆಯಿತು, ನಮ್ಮ ನಾಡಿನ ಹಳೆಯ ಚಿತ್ರಗಳು ಅದಕ್ಕೆ ಏನು ಉತ್ತರ ಕೊಡುತ್ತವೆ ಎಂಬುದನ್ನು ಇಲ್ಲಿ ನೋಡೋಣ.

ಹಬ್ಶಿಗಳು ಬಂದ ದಾರಿ

ಇಂದಿನ ಇಥಿಯೋಪಿಯ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಅರಬರು 'ಹಬಶ್' ಎಂದು ಕರೆಯುತ್ತಿದ್ದರು. ಅಲ್ಲಿಂದ ಬಂದವರು ಹಬ್ಶಿಗಳು. ಇವರಲ್ಲಿ ಹೆಚ್ಚಿನವರು ತಾವಾಗಿ ಬಂದವರಲ್ಲ. ಎಳೆಯ ವಯಸ್ಸಿನಲ್ಲೇ ಸೆರೆಸಿಕ್ಕು, ಗುಲಾಮರಾಗಿ ಮಾರಾಟವಾಗಿ, ಕೆಂಪು ಸಮುದ್ರದ ಬಂದರುಗಳ ಮೂಲಕ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದವರು. ಬಹಮನಿ ಅರಸರು, ಅನಂತರ ವಿಜಾಪುರ ಮತ್ತು ಅಹ್ಮದ್‌ನಗರದ ಸುಲ್ತಾನರು ಇವರನ್ನು ಕೊಂಡು ಕುದುರೆ ಸವಾರಿ, ಕತ್ತಿವರಸೆ ಕಲಿಸಿ ಸೈನ್ಯಕ್ಕೆ ಸೇರಿಸುತ್ತಿದ್ದರು. ಹೊರಗಿನಿಂದ ಬಂದ ಈ ಯುವಕರಿಗೆ ಇಲ್ಲಿ ಬಂಧುಬಳಗವಿಲ್ಲ, ಜಮೀನಿಲ್ಲ. ಒಡೆಯನಿಗೆ ನಿಷ್ಠರಾಗಿರುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತು.

ಕೊಂಡವರು ಮೊದಲು ಮಾಡುತ್ತಿದ್ದ ಕೆಲಸ ಹೆಸರು ಬದಲಿಸುವುದು. ಹೊಸ ಹೆಸರುಗಳು ಬಹುತೇಕ ಸುಗಂಧದ್ರವ್ಯಗಳದ್ದು ಇಲ್ಲವೆ ರತ್ನಗಳದ್ದು: ಅಂಬರ್, ಸಂದಲ್ ಅಂದರೆ ಗಂಧ, ಕಾಫೂರ್ ಅಂದರೆ ಕರ್ಪೂರ, ಯಾಕೂತ್ ಅಂದರೆ ಮಾಣಿಕ್ಯ. ಕೇಳಲು ಸೊಗಸಾದ ಹೆಸರುಗಳು. ಆದರೆ ತಾಯಿ ಇಟ್ಟ ಹೆಸರು ಅಳಿಸಿಹೋಯಿತು. ಆನೆಯ ಮೇಲೆ ಕುಳಿತ ಇಖ್ಲಾಸ್ ಖಾನನೂ ಮೊದಲು ಮಲಿಕ್ ರೈಹಾನ್ ಆಗಿದ್ದವನು. ರೈಹಾನ್ ಎಂದರೆ ತುಳಸಿಯ ಜಾತಿಯ ಒಂದು ಪರಿಮಳದ ಗಿಡ. 'ಇಖ್ಲಾಸ್ ಖಾನ್' ಎಂಬುದು ಅಧಿಕಾರದೊಂದಿಗೆ ಬಂದ ಬಿರುದು.

ದಖ್ಖನಿನ ಗುಲಾಮಗಿರಿಗೂ ಅಮೆರಿಕದ ಹತ್ತಿ, ಕಬ್ಬಿನ ತೋಟಗಳ ಗುಲಾಮಗಿರಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಇಲ್ಲಿ ಸೈನಿಕ ಗುಲಾಮ ಸಾಮಾನ್ಯವಾಗಿ ಒಡೆಯ ಸತ್ತ ಮೇಲೋ, ಅವನ ಅನುಮತಿಯಿಂದಲೋ ಸ್ವತಂತ್ರನಾಗುತ್ತಿದ್ದ. ಸ್ವತಂತ್ರನಾದವನು ಸರದಾರನಾಗಬಹುದಿತ್ತು, ಕೋಟೆಯ ಕಿಲ್ಲೇದಾರನಾಗಬಹುದಿತ್ತು, ತಾನೇ ಸೈನ್ಯ ಕಟ್ಟಬಹುದಿತ್ತು. 1580ರ ದಶಕದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇನ್ನೂ ಹುಡುಗನಾಗಿದ್ದಾಗ, ದಿಲಾವರ್ ಖಾನ್ ಎಂಬ ಹಬ್ಶಿ ಸರದಾರನೇ ವಿಜಾಪುರದ ರಾಜ್ಯಭಾರ ನಡೆಸಿದ. ನೂರು ವರ್ಷಗಳ ಅನಂತರ, ಕೊನೆಯ ಸುಲ್ತಾನ ಸಿಕಂದರನ ಬಾಲ್ಯದಲ್ಲಿ, 1678ರಿಂದ ಕೆಲವು ಕಾಲ ಸಿದ್ದಿ ಮಸೂದ್ ಖಾನ್ ಆ ಹೊಣೆ ಹೊತ್ತ.

ಇದೆಲ್ಲ ಎಲ್ಲೋ ದೂರದ ಮಾತಲ್ಲ. ನಮ್ಮ ರಾಯಚೂರು ಸೀಮೆ ಬಹುಕಾಲ ವಿಜಾಪುರದ ಆಳ್ವಿಕೆಯಲ್ಲಿತ್ತು. ಸಿದ್ದಿ ಮಸೂದನ ನೆಲೆ ಆದೋನಿ. ರಾಯಚೂರಿನಿಂದ ಗುಂತಕಲ್ ಕಡೆಯ ರೈಲು ಹಿಡಿದು ಮಂತ್ರಾಲಯ ರೋಡ್ ದಾಟಿದರೆ ಆದೋನಿ ಬರುತ್ತದೆ. ಅಲ್ಲಿಯ ಜಾಮಿ ಮಸೀದಿ ಅವನು ಕಟ್ಟಿಸಿದ್ದು. ಔರಂಗಜೇಬನ ಸೈನ್ಯ ಆದೋನಿಯನ್ನು ಮುತ್ತಿ, ತೋಪಿನ ಬಾಯನ್ನು ಮಸೀದಿಯ ಕಡೆ ತಿರುಗಿಸಿದಾಗ, ಅದು ಹಾಳಾಗಬಾರದೆಂದು ಮಸೂದ್ ಖಾನ್ ಕೋಟೆಯನ್ನೇ ಬಿಟ್ಟುಕೊಟ್ಟನೆಂಬ ಕಥೆ ಆ ಭಾಗದಲ್ಲಿ ಪ್ರಸಿದ್ಧ. ವಿಜಾಪುರದ ಇಬ್ರಾಹಿಂ ರೋಜಾ ನೋಡಿ ಬಂದವರು ಅದರ ಕೆತ್ತನೆಗೆ ಮಾರುಹೋಗುತ್ತಾರೆ. ಆ ಕಟ್ಟಡದ ಶಾಸನದಲ್ಲಿ, ಅದನ್ನು ಪೂರ್ಣಗೊಳಿಸಿದವನೆಂದು ಮಲಿಕ್ ಸಂದಲ್ ಎಂಬವನ ಹೆಸರಿದೆ. ಆತನೂ ಹಬ್ಶಿಯೆಂದು ಇತಿಹಾಸಕಾರರು ಹೇಳುತ್ತಾರೆ.

ಬರೆಸಿದವನ ಮನಸ್ಸು

ಚಿತ್ರವೆಂಬುದು ಕನ್ನಡಿಯಲ್ಲ. ಬರೆದವನ ಕೈ, ಹಣ ಕೊಟ್ಟು ಬರೆಸಿದವನ ಮನಸ್ಸು ಎರಡೂ ಅದರಲ್ಲಿ ಸೇರಿರುತ್ತವೆ. ಇದಕ್ಕೆ ಮಲಿಕ್ ಅಂಬರನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಂಬರ್ ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದವನು. ಹುಟ್ಟುಹೆಸರು ಚಾಪು. ಹಲವು ಕೈ ಬದಲಾಗಿ, ಬಾಗ್ದಾದಿನ ಮೂಲಕ ದಖ್ಖನಿಗೆ ಬಂದ. ಅಹ್ಮದ್‌ನಗರದ ಮಂತ್ರಿ ಚೆಂಗೀಜ್ ಖಾನ್ ಅವನನ್ನು ಕೊಂಡುಕೊಂಡ. ಆ ಮಂತ್ರಿಯೂ ಹಬ್ಶಿಯೇ! ಒಡೆಯ ತೀರಿಕೊಂಡ ಮೇಲೆ ಅಂಬರ್ ಸ್ವತಂತ್ರನಾಗಿ, ಕೆಲಕಾಲ ವಿಜಾಪುರದಲ್ಲೂ ಸೇವೆ ಮಾಡಿ, ಮುಂದೆ ಅಹ್ಮದ್‌ನಗರದ ನಿಜಾಮಶಾಹಿ ರಾಜ್ಯವನ್ನೇ ಕೈಗೆತ್ತಿಕೊಂಡ. ಎದುರಾಬದುರು ನಿಲ್ಲದೆ ಹೊಂಚಿ ಹೊಡೆಯುವ ಯುದ್ಧದಿಂದ ಇಪ್ಪತ್ತೈದು ವರ್ಷ ಮೊಗಲರಿಗೆ ನಿದ್ದೆಗೆಡಿಸಿದ. ಶಿವಾಜಿಯ ತಂದೆ ಶಹಾಜಿ ಭೋಸಲೆ ಯುದ್ಧ ಕಲಿತದ್ದು ಇವನ ಪಾಳೆಯದಲ್ಲಿ. 1610ರಲ್ಲಿ ಇವನು ಕಟ್ಟಿದ ಖಡ್ಕಿ ಎಂಬ ಊರೇ ಮುಂದೆ ಔರಂಗಾಬಾದ್ ಆಯಿತು. ನೆಲದಡಿಯ ಕಾಲುವೆಗಳಿಂದ ಆ ಊರಿಗೆ ನೀರು ತಂದ ಅವನ ವ್ಯವಸ್ಥೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದುಕೊಳ್ಳಲೇಬೇಕು. ಪಂಪಿಲ್ಲದೆ, ಇಳಿಜಾರನ್ನೇ ನಂಬಿ ಹರಿದ ನೀರು ಅದು.

ಇಂಥವನನ್ನು ಮೊಗಲ್ ಬಾದಶಹ ಜಹಾಂಗೀರ್ ಹೇಗೆ ಬರೆಸಿದ? ಅಬುಲ್ ಹಸನ್ ಎಂಬ ಶ್ರೇಷ್ಠ ಕಲಾವಿದ ಸುಮಾರು 1616ರಲ್ಲಿ ಬರೆದ ಚಿತ್ರ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು ಬಿಲ್ಲು ಸೆಳೆದಿದ್ದಾನೆ. ಎದುರಿಗೆ ಈಟಿಯ ತುದಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆ. ತಲೆಯ ಮೇಲೊಂದು ಗೂಬೆ. ಆದರೆ ನಿಜದಲ್ಲಿ ಹೀಗೆ ನಡೆಯಲೇ ಇಲ್ಲ. ಜಹಾಂಗೀರನ ಬಾಣ ಅಂಬರನ ಹತ್ತಿರವೂ ಸುಳಿಯಲಿಲ್ಲ. ಚಿತ್ರ ಬರೆದು ಎಂಟು ವರ್ಷವಾದ ಮೇಲೆ, 1624ರಲ್ಲಿ, ಭಾತವಾಡಿಯ ಯುದ್ಧದಲ್ಲಿ ಅಂಬರನೇ ಮೊಗಲರನ್ನೂ ವಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದ. 1626ರಲ್ಲಿ ಎಂಬತ್ತರ ಹತ್ತಿರದ ಮುದುಕನಾಗಿ ಸಹಜವಾಗಿ ಸತ್ತ. ರಣರಂಗದಲ್ಲಿ ಕೈಗೂಡದ್ದನ್ನು ಬಾದಶಹ ಕಾಗದದ ಮೇಲೆ ಮಾಡಿಸಿಕೊಂಡನಷ್ಟೆ. ತನ್ನ ಆತ್ಮಚರಿತ್ರೆಯಲ್ಲೂ ಆತ ಅಂಬರನ ಮೈಬಣ್ಣ ಎತ್ತಿ ಬೈದಿದ್ದಾನೆ.

ಇನ್ನೊಂದು ಚಿತ್ರ ನೋಡಿ. ಸುಮಾರು 1620ರಲ್ಲಿ ಹಾಶಿಂ ಎಂಬ ಕಲಾವಿದ ಬರೆದದ್ದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಅದೇ ಅಂಬರ್ ಶುಭ್ರ ಬಿಳಿಯ ಉಡುಪು ತೊಟ್ಟು ಒಬ್ಬನೇ ನಿಂತಿದ್ದಾನೆ. ಪಕ್ಕದಿಂದ ಕಾಣುವ ಮುಖ, ವಯಸ್ಸಾದ ದೇಹ, ಗಂಭೀರ ನಿಲುವು. ಒಬ್ಬನೇ ಮನುಷ್ಯ, ಹತ್ತಿರಹತ್ತಿರ ಅದೇ ಕಾಲ. ಒಂದರಲ್ಲಿ ಕಡಿದ ತಲೆ, ಇನ್ನೊಂದರಲ್ಲಿ ಘನತೆಯ ಮೂರ್ತಿ. ಅಂಬರ್ ತೀರಿಕೊಂಡ ಮೇಲೆ ಜಹಾಂಗೀರನ ಆಸ್ಥಾನದ ಇತಿಹಾಸಕಾರ ಮುತಮದ್ ಖಾನನೇ, ಯುದ್ಧದಲ್ಲೂ ಆಡಳಿತದಲ್ಲೂ ಅವನಿಗೆ ಸಾಟಿಯಿರಲಿಲ್ಲ ಎಂಬರ್ಥದ ಮಾತು ಬರೆದಿಟ್ಟ.

ವಿಜಾಪುರದ ಕಲಾವಿದರು ಇಖ್ಲಾಸ್ ಖಾನನನ್ನು ಒಂದಲ್ಲ, ಹಲವು ಬಾರಿ ಬರೆದಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೊ ಕಲಾ ಸಂಗ್ರಹಾಲಯದಲ್ಲಿರುವ, ಸುಮಾರು 1650ರ ಚಿತ್ರದಲ್ಲಿ ಆತನ ಕೈಯಲ್ಲೊಂದು ಅರ್ಜಿಯ ಕಾಗದವಿದೆ. ಆತ ಅರ್ಜಿ ತೆಗೆದುಕೊಂಡು ತೀರ್ಮಾನಿಸುವ ಅಧಿಕಾರಿ. ಗಮನಿಸಬೇಕಾದ ಸಂಗತಿಯೆಂದರೆ, ಈ ಚಿತ್ರಗಳಲ್ಲಿ ಮೈಬಣ್ಣವನ್ನು ಮರೆಮಾಚಿಲ್ಲ, ಗೇಲಿಯನ್ನೂ ಮಾಡಿಲ್ಲ. ಇದ್ದದ್ದನ್ನು ಇದ್ದಂತೆ, ಗೌರವದಿಂದ ಬರೆದಿದ್ದಾರೆ.

ಯೂರೋಪಿನ ಚಿತ್ರಶಾಲೆಯಲ್ಲಿ

ಇದೇ ಕಾಲದಲ್ಲಿ ಯೂರೋಪಿನಲ್ಲಿ ಏನು ನಡೆದಿತ್ತು? ಏಸುಕ್ರಿಸ್ತನ ಜನನಕ್ಕೆ ಕಾಣಿಕೆ ತಂದ ಮೂವರು ಜ್ಞಾನಿಗಳಲ್ಲಿ ಒಬ್ಬನನ್ನು ಆಫ್ರಿಕದ ಅರಸನಂತೆ ಬರೆಯುವ ರೂಢಿ ಅಲ್ಲಿ ಹದಿನೈದನೆಯ ಶತಮಾನದ ಹೊತ್ತಿಗೆ ಬೆಳೆದಿತ್ತು. ಆ ಚಿತ್ರಗಳಲ್ಲಿ ಆತ ವೈಭವದ ಉಡುಪಿನಲ್ಲಿ ಕಾಣುತ್ತಾನೆ. ಆದರೆ ಪೋರ್ಚುಗೀಸರ ಹಡಗುಗಳು ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಬರುವುದು ಹೆಚ್ಚಿದಂತೆ ಚಿತ್ರದೊಳಗಿನ ಜಾಗವೂ ಬದಲಾಯಿತು. ಶ್ರೀಮಂತ ಹೆಂಗಸಿನ ಪಕ್ಕದಲ್ಲಿ ಹಣ್ಣಿನ ತಟ್ಟೆ ಹಿಡಿದ ಹುಡುಗ, ದೊರೆಯ ಕುದುರೆಯ ಲಗಾಮು ಹಿಡಿದ ಆಳು, ಚೌಕಟ್ಟಿನ ಅಂಚಿನಲ್ಲಿ ಅರ್ಧ ಕತ್ತಲಲ್ಲಿ ನಿಂತ ದಾಸಿ. ಯಜಮಾನತಿಯ ಬಿಳುಪು ಎದ್ದು ಕಾಣಲಿ ಎಂಬುದಕ್ಕಾಗಿಯೇ ಅವರನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದುದೂ ಉಂಟು. ಯಜಮಾನತಿಯ ಹೆಸರು ಚಿತ್ರದ ಕೆಳಗೆ ಉಳಿಯಿತು. ಹುಡುಗನ ಹೆಸರು ಉಳಿಯಲಿಲ್ಲ.

ಇದಕ್ಕೆ ಅಪವಾದಗಳಿವೆ. ಜರ್ಮನಿಯ ಡ್ಯೂರರ್ 1521ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಒಬ್ಬ ಪೋರ್ಚುಗೀಸ್ ಅಧಿಕಾರಿಯ ಮನೆಯ ಆಫ್ರಿಕನ್ ಸೇವಕಿಯ ಮುಖವನ್ನು ರೇಖೆಗಳಲ್ಲಿ ಬರೆದ. ಹೆಸರು ಕತರೀನಾ, ವಯಸ್ಸು ಇಪ್ಪತ್ತು ಎಂದು ಚಿತ್ರದ ಮೇಲೆಯೇ ನಮೂದಿಸಿದ. ಬಗ್ಗಿದ ಆ ಕಣ್ಣುಗಳ ಆಯಾಸ ಐದು ಶತಮಾನ ಕಳೆದರೂ ನೋಡುವವರಿಗೆ ತಟ್ಟುತ್ತದೆ.

ಸ್ಪೇನಿನ ವೆಲಾಸ್ಕೆಜ್ 1650ರಲ್ಲಿ ರೋಮ್ ನಗರದಲ್ಲಿ ಹುವಾನ್ ದೆ ಪರೇಹಾ ಎಂಬವನ ಚಿತ್ರ ಬರೆದ. ಪರೇಹಾ ವೆಲಾಸ್ಕೆಜನ ಚಿತ್ರಶಾಲೆಯಲ್ಲಿ ಕೆಲಸ ಮಾಡುತ್ತಿದ್ದ, ಆಫ್ರಿಕ ಮೂಲದ ಗುಲಾಮ. ಚಿತ್ರದಲ್ಲಿ ಆತ ನೋಡುಗರ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಾನೆ. ಅದೇ ವರ್ಷ ವೆಲಾಸ್ಕೆಜ್ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ. ನಾಲ್ಕು ವರ್ಷ ಕಳೆದ ಮೇಲೆ ಅದು ಜಾರಿಗೆ ಬರಬೇಕೆಂಬ ಷರತ್ತಿತ್ತು. ಸ್ವತಂತ್ರನಾದ ಪರೇಹಾ ತಾನೇ ಕಲಾವಿದನಾದ. 1661ರಲ್ಲಿ ಅವನು ಬರೆದ ದೊಡ್ಡ ಚಿತ್ರವೊಂದು ಮ್ಯಾಡ್ರಿಡ್ ನಗರದ ಪ್ರಾದೊ ಸಂಗ್ರಹಾಲಯದಲ್ಲಿದೆ. ಅದರ ಎಡತುದಿಯಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಲೆಕ್ಕ ಹಾಕಿ ನೋಡಿ: ರೋಮಿನಲ್ಲಿ ಪರೇಹಾನ ಚಿತ್ರ ಸಿದ್ಧವಾದ ಹೊತ್ತಿಗೇ ವಿಜಾಪುರದಲ್ಲಿ ಇಖ್ಲಾಸ್ ಖಾನನ ಚಿತ್ರಗಳೂ ಸಿದ್ಧವಾಗುತ್ತಿದ್ದವು. ಒಂದು ಕಡೆ ಗುಲಾಮನನ್ನು ಮನುಷ್ಯನೆಂದು ತೋರಿಸಲು ಮಹಾನ್ ಕಲಾವಿದನೊಬ್ಬನ ಕುಂಚ ಬೇಕಾಯಿತು. ಇನ್ನೊಂದು ಕಡೆ ಗುಲಾಮಗಿರಿಯಿಂದ ಮೇಲೆದ್ದವನು ಮಂತ್ರಿಯಾಗಿ ತಾನೇ ಚಿತ್ರದ ನಾಯಕನಾಗಿದ್ದ.

ಫ್ರಾನ್ಸಿನಲ್ಲಿ ಜೆರಿಕೊ 1819ರಲ್ಲಿ ಬರೆದ 'ಮೆದುಸಾದ ತೆಪ್ಪ' ಎಂಬ ಭಾರೀ ಚಿತ್ರದಲ್ಲಿ, ಹಡಗು ಒಡೆದು ಸಾವಿನ ಅಂಚಿನಲ್ಲಿರುವವರ ಗುಂಪಿನ ತುತ್ತತುದಿಯಲ್ಲಿ ನಿಂತು ಬಟ್ಟೆ ಬೀಸುತ್ತಿರುವವನು ಕಪ್ಪು ಮನುಷ್ಯ. ಎಲ್ಲರ ಆಸೆಯೂ ಅವನ ಕೈಯಲ್ಲಿದೆ. 1863ರಲ್ಲಿ ಮಾನೆ ಬರೆದ 'ಒಲಿಂಪಿಯಾ' ಚಿತ್ರದಲ್ಲಿ ಹೂಗುಚ್ಛ ಹಿಡಿದ ಸೇವಕಿ ಇದ್ದಾಳೆ. ನೂರು ವರ್ಷಕ್ಕೂ ಮೀರಿ ವಿಮರ್ಶಕರು ಮಂಚದ ಮೇಲಿನವಳ ಬಗ್ಗೆಯೇ ಪುಟಗಟ್ಟಲೆ ಬರೆದರು. ಸೇವಕಿಯಾಗಿ ನಿಂತ ಹೆಂಗಸಿನ ಹೆಸರು ಲೋರ್. ಆ ಹೆಸರನ್ನು ಮಾನೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದ. ಓದುವವರು ಮಾತ್ರ ಇರಲಿಲ್ಲ.

2019ರಲ್ಲಿ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯ ಇಂಥ ಚಿತ್ರಗಳದೇ ಒಂದು ಪ್ರದರ್ಶನ ನಡೆಸಿತು. 'ನೀಗ್ರೊ ಹೆಂಗಸಿನ ಚಿತ್ರ' ಎಂಬಂಥ ಹಳೆಯ ಶೀರ್ಷಿಕೆ ಹೊತ್ತಿದ್ದ 1800ರ ಒಂದು ಚಿತ್ರ ಅಲ್ಲಿ 'ಮದಲೇನಳ ಚಿತ್ರ' ಎಂದಾಯಿತು. ಒಂದು ಹೆಸರು ಬದಲಾದರೆ ಏನಾಗುತ್ತದೆ ಎನ್ನಬಹುದು. 'ಕೆಲಸದವಳು' ಎಂದು ಕರೆಯುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಇರುವ ವ್ಯತ್ಯಾಸ ನಮ್ಮ ಮನೆಗಳಲ್ಲೇ ಕಾಣುವುದಿಲ್ಲವೇ?

ಬಣ್ಣದ ವಿಜ್ಞಾನ

ವಿಜ್ಞಾನದ ಮೇಷ್ಟ್ರಾಗಿ ಇಲ್ಲಿ ಎರಡು ಮಾತು ಹೇಳಲೇಬೇಕು. ನಮ್ಮ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರಕ್ಕಾಗಿ ಕಲ್ಲಿದ್ದಲಿನ ವ್ಯಾಗನ್ನುಗಳು ಬರುವುದು ಮಕ್ಕಳಿಗೆ ನಿತ್ಯದ ನೋಟ. ತರಗತಿಯಲ್ಲಿ ಸ್ವಲ್ಪ ಕಪ್ಪಗಿರುವ ಹುಡುಗನಿಗೆ 'ಕಲ್ಲಿದ್ದಲು' ಎಂದು ಅಡ್ಡಹೆಸರು ಬೀಳುವುದೂ ಮಾಮೂಲು. ಬಿಸಿಲಿನ ಊರಾದ ರಾಯಚೂರಿನಲ್ಲಿ ಹುಟ್ಟಿ ಬೆಳೆದವರು ಹೀಗೆ ಹಂಗಿಸಿಕೊಳ್ಳುವುದು ಸೋಜಿಗ. ಚಿತ್ರಕಲೆಯ ಪಿರಿಯಡ್ಡಿನಲ್ಲಿ ಮಕ್ಕಳು "ಸ್ಕಿನ್ ಕಲರ್ ಕೊಡೋ" ಎಂದು ಕೇಳಿ ಪಡೆಯುವ ಪೆನ್ಸಿಲ್ಲು ತಿಳಿಗುಲಾಬಿ ಬಣ್ಣದ್ದು. ಆ ಬಣ್ಣದ ಚರ್ಮ ನಮ್ಮ ತರಗತಿಯಲ್ಲಿ ಒಬ್ಬರಿಗೂ ಇಲ್ಲ! ಅಮೆರಿಕದ ಕ್ರಯೋಲ ಕಂಪನಿ ತನ್ನ 'ಚರ್ಮದ ಬಣ್ಣ' ಎಂಬ ಹೆಸರಿನ ಬಣ್ಣದ ಕಡ್ಡಿಗೆ 1962ರಲ್ಲಿಯೇ ಪೀಚ್ ಹಣ್ಣಿನ ಹೆಸರಿಟ್ಟಿತು. ನಮ್ಮ ಮಾತಿನಲ್ಲಿ ಮಾತ್ರ ಅದು ಇನ್ನೂ 'ಸ್ಕಿನ್ ಕಲರ್'.

ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪು, ಬಿಳಿ ಎನ್ನದೆ ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆ ಮಾತ್ರ ಬೇರೆ. ಸುಡುವ ಬಿಸಿಲಿನ ನಾಡಿನಲ್ಲಿ ಅದು ನೇರಳಾತೀತ ಕಿರಣಗಳನ್ನು ತಡೆದು ದೇಹದ ಫೋಲೇಟ್ ಎಂಬ ಜೀವಸತ್ವವನ್ನು ಕಾಪಾಡುತ್ತದೆ. ಬಿಸಿಲು ಕಡಿಮೆಯಿರುವ ನಾಡಿನಲ್ಲಿ ಡಿ ಜೀವಸತ್ವ ತಯಾರಾಗಲು ತಿಳಿಯಾದ ಚರ್ಮ ಅನುಕೂಲ. ಇಷ್ಟೇ ವಿಷಯ. ಬುದ್ಧಿಗೂ ಗುಣಕ್ಕೂ ಇದರ ಸಂಬಂಧವಿಲ್ಲ.

ಯಂತ್ರವಾದರೂ ಪಕ್ಷಪಾತ ಮಾಡದು ಎಂದುಕೊಂಡರೆ ಅದೂ ಸುಳ್ಳು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕೊಡಾಕ್ ಕಂಪನಿ ಬಣ್ಣದ ಫೋಟೋ ಸರಿಯಾಗಿ ಬಂದಿದೆಯೇ ಎಂದು ಹೋಲಿಸಿ ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅವಳ ಮುಖ ಚೆನ್ನಾಗಿ ಕಂಡರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಮುಖಗಳು ಫೋಟೋದಲ್ಲಿ ಮಸಿಯಂತೆ ಬಂದರೆ ದೋಷ ಮುಖದ್ದೆಂದೇ ಜನ ಭಾವಿಸಿದರು. ದೋಷವಿದ್ದದ್ದು ಫಿಲ್ಮಿನ ರಸಾಯನದಲ್ಲಿ ಮತ್ತು ಮಾದರಿಯ ಆಯ್ಕೆಯಲ್ಲಿ. ಮರದ ಪೀಠೋಪಕರಣ ಮತ್ತು ಚಾಕಲೇಟು ತಯಾರಿಸುವವರು ತಮ್ಮ ಸರಕಿನ ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲವೆಂದು ದೂರಿದ್ದು ಫಿಲ್ಮಿನ ಸುಧಾರಣೆಗೆ ಒಂದು ಕಾರಣವಾಯಿತೆಂಬುದು ಯೋಚಿಸಬೇಕಾದ ಸಂಗತಿ.

ಇದಕ್ಕೆ ಮುನ್ನೂರು ವರ್ಷ ಮೊದಲು ವಿಜಾಪುರದ ಕಲಾವಿದ, ದೀಪದ ಮಸಿ ಮತ್ತು ಕಾವಿಮಣ್ಣಿನಂಥ ಸಾಧಾರಣ ವಸ್ತುಗಳಿಂದ ಬಣ್ಣ ಅರೆದುಕೊಳ್ಳುತ್ತಿದ್ದ ಕಾಲದಲ್ಲಿ, ಇಖ್ಲಾಸ್ ಖಾನನ ಕಂದು ಮುಖವನ್ನು ಅದರ ಹೊಳಪಿನೊಂದಿಗೆ ಹಿಡಿದ. ಸಾಮಗ್ರಿಯ ಕೊರತೆ ಅವನಿಗೆ ಅಡ್ಡ ಬರಲಿಲ್ಲ, ಏಕೆಂದರೆ ಆ ಮುಖ ನೋಡಲು ಯೋಗ್ಯವಾದದ್ದೆಂದು ಅವನು ನಂಬಿದ್ದ.

ಬರೆಯದೆ ಉಳಿದವರು

ಇಷ್ಟು ಹೇಳಿ ದಖ್ಖನಿನಲ್ಲಿ ಎಲ್ಲವೂ ಸೊಗಸಾಗಿತ್ತೆಂದು ಮುಗಿಸಿದರೆ ಅದು ಅರ್ಧಸತ್ಯವಾದೀತು. ಚಿತ್ರದಲ್ಲಿ ಕಾಣುವವರು ಮೇಲೇರಿದ ಕೆಲವರು ಮಾತ್ರ. ಯುದ್ಧದಲ್ಲಿ ಹೆಸರಿಲ್ಲದೆ ಸತ್ತ ಸಿಪಾಯಿಗಳು, ಅರಮನೆಯ ಒಳಗಿನ ಹೆಂಗಸರು, ಹಡಗಿನಲ್ಲೇ ಪ್ರಾಣಬಿಟ್ಟ ಮಕ್ಕಳು ಯಾವ ಚಿತ್ರದಲ್ಲೂ ಇಲ್ಲ. ಅಧಿಕಾರವಿದ್ದವನಿಗೆ ಚಿತ್ರ, ಇಲ್ಲದವನಿಗೆ ಮರೆವು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮುಂತಾದ ಕಡೆ ನೆಲೆಸಿರುವ ಸಿದ್ದಿ ಜನರ ಕಥೆ ಇದನ್ನೇ ಹೇಳುತ್ತದೆ. ಇವರ ಪೂರ್ವಿಕರಲ್ಲಿ ಹೆಚ್ಚಿನವರು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರು. ತಪ್ಪಿಸಿಕೊಂಡು ಬಂದವರು, ಬಿಡುಗಡೆ ಪಡೆದವರು ಘಟ್ಟದ ಕಾಡುಗಳಲ್ಲಿ ನೆಲೆನಿಂತರು. ಅವರ ಚಿತ್ರ ಬರೆಯಲು ಯಾವ ಆಸ್ಥಾನದ ಕಲಾವಿದನೂ ಬರಲಿಲ್ಲ. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಮಾತನಾಡುತ್ತಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು. ಇಷ್ಟಾದರೂ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಿ ಯುವಕ ಅಚ್ಚಕನ್ನಡದಲ್ಲಿ ಮಾತನಾಡಿದರೆ ಪಕ್ಕದವರು ಬೆರಗಾಗಿ "ಯಾವ ದೇಶದವರು?" ಎಂದು ಕೇಳುವುದು ತಪ್ಪಿಲ್ಲ.

ಸಿದ್ದಿ ಹೆಣ್ಣುಮಕ್ಕಳು ತಮ್ಮ ಚಿತ್ರವನ್ನು ತಾವೇ ಬರೆದುಕೊಂಡರು ಎನ್ನಬಹುದು. ಅದು ಬಟ್ಟೆಯ ಮೇಲಿನದು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಕೂಡಿಸಿ ಅವರು ಹೊಲಿಯುವ ಕೌದಿಗಳು ಈಗ ಕಲಾಕೃತಿಗಳೆಂದು ಹೊರನಾಡುಗಳಲ್ಲಿ ಪ್ರದರ್ಶನಗೊಂಡಿವೆ. ಮೂಲೆಯಿಂದ ಹೊಲಿಗೆ ಹಿಡಿದು, ಅಂಚಿನಗುಂಟ ಸಾಗಿ, ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ 'ಫೂಲ' ಅಂದರೆ ಹೂವು ಇಡದಿದ್ದರೆ ಕೌದಿ ಬರಿಮೈಯಲ್ಲಿದೆ ಎನ್ನುತ್ತಾರೆ. ಕೌದಿ ನಮ್ಮ ರಾಯಚೂರು ಭಾಗದ ಮನೆಗಳಿಗೂ ಹೊಸದಲ್ಲ. ನಮ್ಮ ಅಜ್ಜಿಯರೂ ಹೊಲಿದವರೇ. ಇಷ್ಟು ಹತ್ತಿರದವರನ್ನು ಪರದೇಶದವರೆಂದು ನೋಡುವುದು ಯಾವ ನ್ಯಾಯ?

ಈ ನೋಟ ಬರಿಯ ಕುತೂಹಲದಲ್ಲಿ ನಿಲ್ಲುವುದಿಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ಭಾಗದಲ್ಲಿ, ಬೇರೊಬ್ಬ ಆಫ್ರಿಕನ್ ವ್ಯಕ್ತಿಯ ಕಾರು ಅಪಘಾತ ಮಾಡಿದ್ದಕ್ಕೆ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಜನರ ಗುಂಪು ಹಲ್ಲೆ ಮಾಡಿತು. ಆ ಗುಂಪಿನ ಕಣ್ಣಿಗೆ ಅವಳಿಗೊಂದು ಹೆಸರಾಗಲಿ, ಓದಾಗಲಿ, ತಂದೆತಾಯಿಯಾಗಲಿ ಇರಲಿಲ್ಲ. ಕಂಡದ್ದು ಬಣ್ಣವೊಂದೇ. ಹೆಸರಿಲ್ಲದೆ ಚಿತ್ರದ ಅಂಚಿನಲ್ಲಿ ನಿಲ್ಲಿಸುವ ರೂಢಿಯ ಕೊನೆಯ ಫಲ ಇದು.

ಪಾಲಕರಿಗೂ ಮಕ್ಕಳಿಗೂ

ಚಿತ್ರ ನೋಡುವುದನ್ನು ನಮ್ಮ ಶಾಲೆಗಳಲ್ಲಿ ಕಲಿಸುವುದು ಅಪರೂಪ. ಆದರೆ ಕಲಿಯುವುದು ಕಷ್ಟವಲ್ಲ. ಯಾವ ಚಿತ್ರವೇ ಇರಲಿ, ಅದು ಆಸ್ಥಾನದ್ದಾಗಲಿ, ಗೋಡೆಯ ಮೇಲಿನ ಜಾಹೀರಾತಾಗಲಿ, ಮೊಬೈಲಿನಲ್ಲಿ ಬಂದದ್ದಾಗಲಿ, ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಡುವಿನಲ್ಲಿ ಯಾರಿದ್ದಾರೆ, ಅಂಚಿನಲ್ಲಿ ಯಾರಿದ್ದಾರೆ? ಯಾರಿಗೆ ಹೆಸರಿದೆ, ಯಾರಿಗಿಲ್ಲ? ಯಾರು ಹಣ ಕೊಟ್ಟು ಬರೆಸಿದರು? ಇರಬೇಕಾದವರಲ್ಲಿ ಯಾರು ಕಾಣುತ್ತಿಲ್ಲ? ಪ್ರಯೋಗಶಾಲೆಯಲ್ಲಿ ವೀಕ್ಷಣೆ ಬರೆದುಕೊಳ್ಳುವ ಹಾಗೆ ಉತ್ತರಗಳನ್ನು ಬರೆದಿಡಿ. ಊಹೆ ಆಮೇಲೆ ಮಾಡಿ.

ಪಾಲಕರಲ್ಲಿ ಒಂದು ವಿನಂತಿ. ಮಗು ಹುಟ್ಟಿದಾಗ ಮೊದಲು ಕೇಳುವ "ಬಣ್ಣ ಹೆಂಗದ?" ಎಂಬ ಪ್ರಶ್ನೆಯನ್ನು ಇನ್ನಾದರೂ ಬಿಡೋಣ. ಮುಖ ಬೆಳ್ಳಗೆ ಮಾಡುವ ಕ್ರೀಮಿನ ಪ್ರಸಿದ್ಧ ಬ್ರ್ಯಾಂಡು ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದ ತೆಗೆಯಬೇಕಾಯಿತು. ವ್ಯಾಪಾರಸ್ಥರಿಗೆ ಆದ ನಾಚಿಕೆ ತಾಯಿತಂದೆಯರಿಗೆ ಆಗಬೇಡವೇ?

ರಜೆಯಲ್ಲಿ ಮಕ್ಕಳನ್ನು ವಿಜಾಪುರಕ್ಕೆ ಕರೆದೊಯ್ಯುವವರು ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿಸಿದರಷ್ಟೇ ಸಾಲದು. ಆ ಸುಲ್ತಾನನ ಆನೆಯ ಮೇಲೆ ಹಿಂದೆ ಕುಳಿತಿದ್ದವನ ಹೆಸರನ್ನೂ ಹೇಳಿ. ಇಬ್ರಾಹಿಂ ರೋಜಾದಲ್ಲಿ ಮಲಿಕ್ ಸಂದಲನ ಹೆಸರು ಹೇಳಿ. ಆದೋನಿಗೆ ಹೋದರೆ ಸಿದ್ದಿ ಮಸೂದನ ಮಸೀದಿ ತೋರಿಸಿ. ಮುಂದೆ ಎಂದಾದರೂ ಕಾಲೇಜಿನಲ್ಲಿ, ಕಚೇರಿಯಲ್ಲಿ, ರೈಲಿನಲ್ಲಿ ಆಫ್ರಿಕದ ವಿದ್ಯಾರ್ಥಿಯೋ ಯಲ್ಲಾಪುರದ ಸಿದ್ದಿ ಹುಡುಗಿಯೋ ಎದುರು ಕುಳಿತರೆ, ನಮ್ಮ ಮಕ್ಕಳು ಮೊದಲು ಕೇಳುವುದು "ನಿಮ್ಮ ಹೆಸರೇನ್ರಿ?" ಎಂದಾಗಿರಲಿ.